ಸೂತಕದ ಮನೆಯ ರಂಗೋಲಿ

ಮಹಾಯುದ್ಧದ ಏಳನೆಯ ವರ್ಷ. ಬೆಳಿಗ್ಗೆ ಆರಕ್ಕೆ ಹಾದುಹೋಗುವ ಶತ್ರು ಉಪಗ್ರಹ ರಂಗೋಲಿಯಿಲ್ಲದ ಬಾಗಿಲುಗಳನ್ನು ಎಣಿಸುತ್ತಿತ್ತು. ಸಾವಾದ ಮನೆಯವರು ರಂಗೋಲಿ ಹಾಕುವುದಿಲ್ಲವೆಂಬುದು ಶತ್ರುಗಳಿಗೂ ತಿಳಿದುಹೋಗಿತ್ತು. ಅಂಥ ಬಾಗಿಲುಗಳು ಹೆಚ್ಚಾದ ಊರು ಕುಗ್ಗಿದೆಯೆಂದು ಲೆಕ್ಕ. ಮರುದಿನವೇ ಅಲ್ಲಿ ಬಾಂಬು.

ಸೈನ್ಯಕ್ಕೆ ಸೇರಿದ್ದ ಮಗಳು ಸತ್ತ ಸುದ್ದಿ ನಿನ್ನೆಯಷ್ಟೇ ಬಂದಿತ್ತು. ವನಜಾಕ್ಷಮ್ಮ ಬಾಗಿಲು ಹಾಕಿಕೊಂಡು ಕೂತಿದ್ದರು. ಬೀದಿಯ ಉಸ್ತುವಾರಿ ಕಮಲಿನಿ ಬಂದು ಬಡಿದಳು.

"ಅಮ್ಮಾ, ಇನ್ನು ಹತ್ತೇ ನಿಮಿಷ. ಹಾಕಿಬಿಡಿ."

"ಸೂತಕ ಕಣೇ. ಕೈಯೇ ಏಳ್ತಿಲ್ಲ."

"ಮಿಕ್ಕವರೆಲ್ಲ ಹಾಕಿದಾರೆ. ನಿಮ್ಮದೊಂದೇ ಬಾಕಿ."

ಅವರು ಅಳುತ್ತಲೇ ಕೂತು ಹಾಕಿದರು. ಬೆರಳು ನಡುಗಿ ಎಳೆಯೆಲ್ಲ ಸೊಟ್ಟಗಾಯಿತು. ಮೇಲಿಂದ ನೋಡುವವರಿಗೆ ಇದೂ ಕಂಡುಬಿಟ್ಟರೆ? ತಿದ್ದಲು ಮಾದರಿಗಾಗಿ ಪಕ್ಕದ ಮನೆಯ ರಂಗೋಲಿಯತ್ತ ನೋಡಿದರು. ಅದೂ ಸೊಟ್ಟಗಿತ್ತು. ಅದರಾಚೆಯದೂ.

ಬೀದಿಯುದ್ದಕ್ಕೂ ನೆಟ್ಟಗಿನ ಎಳೆ ಒಂದೂ ಇರಲಿಲ್ಲ.