ಪೆಟ್ಟಿಗೆಯ ಪಾಠ

ಮಗಳು ಮೊದಲನೇ ತರಗತಿಗೆ ಸೇರಿದ ದಿನ ಮೇಷ್ಟ್ರು ಮಾತು ಕೊಟ್ಟಿದ್ದರು: "ನೋಡ್ತಿರು ಪುಟ್ಟಿ, ಬೇಗ ಒಂದು ದಿನ ನಾನೇ ಬಂದು ನಿನ್ನ ಶಾಲೆಯಿಂದ ಕರ್ಕೊಂಡು ಹೋಗ್ತೀನಿ."

ಪುಟ್ಟಿಗೆ ಈಗ ಏಳನೇ ತರಗತಿ. ಆ 'ಬೇಗ' ಇನ್ನೂ ಬಂದಿಲ್ಲ. ಇನ್ನೆರಡು ವರ್ಷ ಕಳೆದರೆ, ಅಪ್ಪ ಗೇಟಿನ ಹತ್ತಿರ ಕಂಡದ್ದೇ ಅವಳೇ ನಾಚಿಕೊಂಡು ಹಿಂದಿನ ಬಾಗಿಲಿನಿಂದ ಜಾರಿಕೊಂಡಾಳು ಎಂಬ ಭಯ ಮೇಷ್ಟ್ರಿಗೆ.

ಆದ್ದರಿಂದ ಈ ಶುಕ್ರವಾರ ದೊಡ್ಡ ಶುಕ್ರವಾರ. ಮಗಳ ಶಾಲೆಯಲ್ಲೇ ಅವರಿಗೆ ಕೆಲಸ ಸಿಕ್ಕಿತ್ತು. ಸೋಮವಾರ ಒಂಬತ್ತು ಗಂಟೆಗೆ ಅಸಲು ಕಾಗದಪತ್ರ ಸಮೇತ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ಮುಂದಿರುವವರನ್ನು ಕರೆಯುತ್ತಾರೆ. ಇಂದು ಈ ತಂಡದ ಪರೀಕ್ಷೆ ಮುಗಿಸಿ, ರಾಜೀನಾಮೆ ಕೊಟ್ಟು, ಸೋಮವಾರ ಸಂಜೆ ಪುಟ್ಟಿಯ ಚೀಲ ಹೆಗಲಿಗೇರಿಸಿ ಮನೆಗೆ ನಡೆಯುವುದು. ಅಷ್ಟೇ.

ಅಡ್ಡಗಾಲು ಒಂದೇ. ತಕರಾರಮ್ಮ.

ಹೊರದೇಶಕ್ಕೆ ದುಡಿಯಲು ಹೊರಟವರಿಗೆ ಒಂದು ವಾರ ಎಚ್ಚರಿಕೆಯ ಪಾಠ ಹೇಳುವುದು ಮೇಷ್ಟ್ರ ಕೆಲಸ. ಅವರು ಎಂದೂ ಗಡಿ ದಾಟಿದವರಲ್ಲ. ಈಜು ಬಾರದವನು ದಡದಲ್ಲಿ ನಿಂತು ಕೈಕಾಲು ಹೇಗೆ ಬಡಿಯಬೇಕೆಂದು ಕೂಗಿದ ಹಾಗೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆದರೂ ಅವರ ಪೆಟ್ಟಿಗೆಯ ಪಾಠಕ್ಕೆ ಸಾಟಿ ಇರಲಿಲ್ಲ. ಮೊದಲ ದಿನ ಬಾಗಿಲಲ್ಲೇ ತಗಡಿನ ಪೆಟ್ಟಿಗೆ ಹಿಡಿದು ನಿಲ್ಲುವುದು, ಜೇನಿನಂಥ ದನಿಯಲ್ಲಿ ಪಾಸ್‌ಪೋರ್ಟ್ ಕೇಳುವುದು. ಎಲ್ಲರೂ ಹಾಕುತ್ತಾರೆ. ಆಮೇಲೆ ಮುಚ್ಚಳ ಧಡಾರನೆ ಮುಚ್ಚಿ, "ಮುಗೀತು, ಇನ್ನು ನೀವೆಲ್ಲ ನನ್ನ ಆಳುಗಳು!" ಎಂದು ಗುಡುಗುವುದು. ಆರು ವರ್ಷದಲ್ಲಿ ಒಮ್ಮೆಯೂ ಪಾಠ ಕೈಕೊಟ್ಟಿರಲಿಲ್ಲ.

ಈ ಸಲ ಇಪ್ಪತ್ತೆರಡು ಮಂದಿ ಹಾಕಿದರು. ಇಪ್ಪತ್ತಮೂರನೆಯವಳು, ಮನೆಯೊಂದಕ್ಕೆ ಅಡುಗೆಗೆಂದು ಹೊರಟ ಹೆಂಗಸು, ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಚೀಟಿ ಕೊಡ್ತೀರಾ ಸಾರ್? ಯಾವಾಗ ವಾಪಸ್ ಅಂತ ಬರೆದು?"

ಗುಡುಗಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನಾಟಕದ ರಾಜನಿಗೆ ಮೀಸೆ ಕಳಚಿಬಿದ್ದಂತಾಯಿತು.

ಅಂದಿನಿಂದ ಹೆಜ್ಜೆಹೆಜ್ಜೆಗೂ ತಕರಾರು; ಮೇಷ್ಟ್ರು ಮನಸ್ಸಿನಲ್ಲೇ ಅವಳಿಗೆ ತಕರಾರಮ್ಮ ಎಂದು ಹೆಸರಿಟ್ಟರು. ಹಾಜರಿ ಹಾಳೆಯನ್ನು ಓದಿಯೇ ಸಹಿ. 'ತರಬೇತಿ ಪೂರ್ಣಗೊಂಡಿದೆ' ಎಂಬ ಕಾಗದಕ್ಕೆ, "ಪೂರ್ಣ ಆಗ್ಲಿ, ಆಮೇಲೆ ಹಾಕ್ತೀನಿ." ಇವಳನ್ನು ತಪಾಸಣೆಗೆ ಮೇಲಿನವರೇ ಕಳಿಸಿರಬೇಕು ಎಂದು ಕಚೇರಿಯಲ್ಲಿ ಪಿಸುಮಾತು ಹಬ್ಬಿತು. ಈಗೇನಾದರೂ ವರದಿ, ವಿಚಾರಣೆ ಎಂದು ಎಳೆದಾಡಿದರೆ ಸೋಮವಾರ ಕೈತಪ್ಪಿದಂತೆಯೇ.

ಬುಧವಾರ ಕರಾರುಪತ್ರದ ಪಾಠ. ಒಂದೊಂದು ಸಾಲನ್ನೂ ಓದದೆ ಸಹಿ ಹಾಕಕೂಡದು ಎಂದು ಮೇಷ್ಟ್ರು ಮೇಜು ಗುದ್ದಿದರು.

"ನೀವು ಇಲ್ಲಿಗೆ ಸೇರುವಾಗ ಓದಿದ್ರಾ ಸಾರ್?" ತಕರಾರಮ್ಮ ಕೇಳಿದಳು.

"ನಾನೇನು ಪರದೇಶಕ್ಕೆ ಹೊರಟಿದ್ನಾ ತಾಯಿ? ಬಸ್ಸಲ್ಲಿ ಬಂದೆ, ಬಸ್ಸಲ್ಲಿ ಹೋಗ್ತೀನಿ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ಅವಳೊಬ್ಬಳು ನಗಲಿಲ್ಲ.

ನಿಜಕ್ಕೂ ಮೇಷ್ಟ್ರಿಗೆ ಅಂಥ ಕಷ್ಟವೇನೂ ಇರಲಿಲ್ಲ. ಮ್ಯಾನೇಜರ್ ಅಪ್ಪಟ ಬಂಗಾರ. ಎಷ್ಟು ಸವಿಯಾಗಿ ಮಾತಾಡುತ್ತಿದ್ದರೆಂದರೆ, ರಜೆ ಕೇಳಲು ಒಳಗೆ ಹೋದವರು ಭಾನುವಾರದ ತಂಡವನ್ನೂ ಒಪ್ಪಿಕೊಂಡು ಹೊರಗೆ ಬರುತ್ತಿದ್ದರು. ಪಾಠಕ್ಕೆ ಭಂಗ ಬಾರದಿರಲೆಂದು ಸಿಬ್ಬಂದಿಯ ಫೋನುಗಳನ್ನು ದಿನವಿಡೀ ತಮ್ಮ ಮೇಜಿನ ಮೇಲೆ ತಾವೇ ಕಾಯುತ್ತಿದ್ದರು. "ನಿಮಗೆ ನಾಲಿಗೆ ಇರೋದು ತರಗತೀಲಿ ಮಾತ್ರ," ಎಂದು ಹೆಂಡತಿ ಚುಚ್ಚಿದರೆ ಮೇಷ್ಟ್ರು ಒಪ್ಪಿಕೊಳ್ಳುತ್ತಿದ್ದರು. ಮನೆಯಲ್ಲೂ ನಾಲಿಗೆ ಇರಲಿಲ್ಲವಲ್ಲ.

ಶುಕ್ರವಾರ ಬಾಯಿಪರೀಕ್ಷೆ. ಕೊನೆಗೆ ತಕರಾರಮ್ಮನ ಸರದಿ. ಮೇಷ್ಟ್ರು ಬೇಕೆಂದೇ ಕಗ್ಗಂಟಿನ ಪ್ರಶ್ನೆ ಹಾಕಿದರು.

"ನಿಮ್ಮ ಧಣಿ ಬಯ್ಯೋದಿಲ್ಲ, ಹೊಡೆಯೋದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕ್ತಾನೆ. ಆದರೂ ನೀವು ಸಿಕ್ಕಿಬಿದ್ದಿದ್ದೀರಿ. ಅದು ಹೇಗೆ ಗೊತ್ತಾಗುತ್ತೆ?"

ಪುಸ್ತಕದಲ್ಲಿ ಇದಕ್ಕೆ ಒಂಬತ್ತು ಲಕ್ಷಣಗಳಿದ್ದವು. ಅವಳು ಒಂದನ್ನೂ ಹೇಳಲಿಲ್ಲ.

"ಇರೋವರ್ಗೂ ಗೊತ್ತಾಗಲ್ಲ ಸಾರ್. ಬಿಟ್ಟು ಹೊರಡೋಕೆ ಹೋದಾಗಲೇ ಗೊತ್ತಾಗೋದು."

"ಯಾರಮ್ಮ ಇದನ್ನ ಹೇಳಿಕೊಟ್ಟೋರು?"

"ನಮ್ಮಕ್ಕ. ಒಳ್ಳೇ ಮನೇಲೇ ಇದ್ಲು. ನಾಲ್ಕು ವರ್ಷ. ಅಪ್ಪ ತೀರಿಕೊಂಡಾಗ ಬರೋಕಾಗ್ಲಿಲ್ಲ."

ತಪಾಸಣೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಪೂರ್ತಿ ಅಂಕ ಕೊಟ್ಟರು. ಅವಳು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿ ಸಹಿ ಹಾಕಿದಳು.

"ಹೋಗಿ ಬರ್ತೀನಿ ಸಾರ್. ನೀವೂ ಹುಷಾರು."

ನನಗೇನಮ್ಮ ಎಂದುಕೊಳ್ಳುತ್ತ, ಶಿಳ್ಳೆ ಹಾಕುತ್ತ ಮೇಷ್ಟ್ರು ಮ್ಯಾನೇಜರರ ಕೋಣೆಗೆ ಹೋದರು. ಮ್ಯಾನೇಜರ್ ರಾಜೀನಾಮೆ ಓದಿದರು. ಕೋಪ ಮಾಡಿಕೊಳ್ಳಲಿಲ್ಲ. ಚಹಾ ತರಿಸಿದರು.

"ಮಗಳ ಶಾಲೇನೇ? ಬಹಳ ಸಂತೋಷ ಮೇಷ್ಟ್ರೇ. ಧಾರಾಳವಾಗಿ ಹೋಗಿ. ನಿಮ್ಮ ಜಾಗಕ್ಕೆ ಒಬ್ಬರು ಸಿಗಲಿ, ಒಂದು ವರ್ಷವೋ ಎರಡು ವರ್ಷವೋ, ಅವತ್ತೇ ನಾನೇ ಬೀರು ತೆಗೆದು ಕೊಡ್ತೀನಿ."

"ಏನನ್ನ ಸಾರ್?"

"ನಿಮ್ಮ ಅಂಕಪಟ್ಟಿ, ಪದವಿಪತ್ರ. ಎಲ್ಲ ಅಸಲು. ಸೇರಿದ ದಿನ ನೀವೇ ತಂದುಕೊಟ್ಟು ಥ್ಯಾಂಕ್ಸ್ ಹೇಳಿ ಹೋಗಿದ್ರಲ್ಲ."

ಸೋಮವಾರ ಒಂಬತ್ತಕ್ಕೆ ಮೇಷ್ಟ್ರು ಹೊಸ ತಂಡದ ಮುಂದೆ ಪೆಟ್ಟಿಗೆ ಹಿಡಿದು ನಿಂತಿದ್ದರು. ಸಂಜೆ ಪುಟ್ಟಿ ಒಬ್ಬಳೇ ಮನೆಗೆ ನಡೆದಳು.