ಹಂಡೆಯ ಗಂಜಿ ಹೇಗೆ ಬಸಿಯುತ್ತಾರೆ?

ದೊಡ್ಡ ಹಂಡೆಯಿಂದ ಗಂಜಿ ಬಸಿಯುವ ವಾಸನೆ ಬಂದರೆ ಈಗಲೂ ನನಗೆ ಕುಶಾಲನಗರದ ಹತ್ತಿರದ ಹಾಸ್ಟೆಲೂ ಆರನೇ ಕ್ಲಾಸಿನ ಒಂದು ಭಾನುವಾರವೂ ನೆನಪಾಗುತ್ತವೆ.

ನಾನು ಅಲ್ಲಿಗೆ ಸೇರಿ ಎರಡು ವಾರವಾಗಿತ್ತು. ಯಾರ ಜೊತೆಯೂ ಮಾತಿಲ್ಲ, ಬರೀ ಅಳು. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದ ಅಪ್ಪ ನೋಡಲು ಬಂದ ಕೂಡಲೇ ಅವರ ಖಾಕಿ ಅಂಗಿ ಹಿಡಿದುಕೊಂಡು, "ಮನೆಗೆ ಹೋಗಣ ಅಪ್ಪ" ಎಂದೆ.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಅಲ್ಲ ಮಗಳೇ, ಇಷ್ಟು ಮಕ್ಕಳಿಗೆ ಅನ್ನ ಮಾಡ್ತಾರಲ್ಲ, ಅಷ್ಟು ದೊಡ್ಡ ಹಂಡೆ ಎತ್ತಿ ಗಂಜಿ ಹೆಂಗೆ ಬಸೀತಾರೆ?" ಎಂದರು.

ನನಗೆ ಗೊತ್ತಿರಲಿಲ್ಲ.

"ಪಕ್ಕದ ಮಂಚದ ಹುಡುಗಿಗೆ ಗೊತ್ತಿರಬಹುದು. ಹೆಸರೇನು ಅವಳದ್ದು?"

ಅದೂ ಗೊತ್ತಿರಲಿಲ್ಲ.

"ಕೇಳ್ಕೊಂಡು ಬಾ. ನಾನಿಲ್ಲೇ ಇರ್ತೀನಿ."

ಭಾಗಮಂಡಲದ ಆ ಹುಡುಗಿಯ ಹೆಸರು ಪಾರ್ವತಿ. ಅವಳು ನನ್ನ ಕೈ ಹಿಡಿದು ಅಡುಗೆಮನೆಯ ಕಿಟಕಿಗೆ ಕರೆದೊಯ್ದಳು. ಒಳಗೆ ಇಬ್ಬರು ಹೆಂಗಸರು ಹಂಡೆಯ ಬಳೆಗಳಿಗೆ ಕೋಲು ತೂರಿಸಿ, ಅಗಲವಾದ ಬಿದಿರು ಬುಟ್ಟಿಗೆ ಮೆಲ್ಲಗೆ ಬಗ್ಗಿಸಿದರು. ಉಗಿಗೆ ನಮ್ಮಿಬ್ಬರ ಮುಖವೂ ಒದ್ದೆಯಾಯಿತು. ಅವಳು ನಕ್ಕಳು, ನಾನೂ ನಕ್ಕೆ.

ಓಡಿ ಬಂದು ಎಲ್ಲವನ್ನೂ ಹೇಳಿದೆ. "ಹೌದಾ!" ಎಂದು ಅಪ್ಪ ಕಣ್ಣರಳಿಸಿ ಕೇಳಿದರು. ಅವರ ಜೀಪು ಗೇಟು ದಾಟುವಾಗ ನಾನು ಪಾರ್ವತಿಯ ಜೊತೆ ನಿಂತು ಕೈ ಬೀಸುತ್ತಿದ್ದೆ.

ಸಂಜೆ ಊಟ ಬಡಿಸುವಾಗ ಅಡುಗೆಯಮ್ಮ ನನ್ನನ್ನು ನೋಡಿ, "ಕಿಟಕಿಯಿಂದ ಯಾಕೆ ಇಣುಕ್ತಿದ್ದೆ? ನಿಮ್ಮಪ್ಪನ್ನೇ ಕೇಳಬಾರ್ದಾ? ಬುಧವಾರ ನೀನು ಕ್ಲಾಸಲ್ಲಿದ್ದಾಗ ಬಂದು ನಮ್ಜೊತೆ ಅವ್ರೇ ಹಂಡೆ ಬಗ್ಗಿಸಿದ್ರಲ್ಲ" ಎಂದರು.