ಹಿಂದಿನ ಇಬ್ಬರನ್ನು ಕೇಳಿ

ಇನ್ನೊಮ್ಮೆ ಕ್ಲಾಸಿನಲ್ಲಿ ಗಲಾಟೆ ಕೇಳಿಸಿದರೆ ಗೆಸ್ಟ್ ಲೆಕ್ಚರರ್ ಕೆಲಸಕ್ಕೆ ಕುತ್ತು ಎಂದು ಪ್ರಿನ್ಸಿಪಾಲರು ವಸುಮತಿಗೆ ಬೆಳಿಗ್ಗೆಯಷ್ಟೇ ಹೇಳಿದ್ದರು. ಆದರೆ ಫಿಬೊನಾಚಿ ಸರಣಿಯ ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹುಡುಗರ ತಲೆಗೆ ಹತ್ತುತ್ತಿರಲಿಲ್ಲ.

"ನೀವೇ ಪ್ರೋಗ್ರಾಂ ಆಗಿಬಿಡಿ," ಎಂದಳು ಅವಳು. "ನಿಮ್ಮನ್ನ ಉತ್ತರ ಕೇಳಿದ್ರೆ, ನಿಮಗಿಂತ ಹಿಂದಿನ ಎರಡು ರೋಲ್ ನಂಬರಿನವರನ್ನ ಕೇಳಿ, ಕೂಡಿಸಿ ಹೇಳಿ. ಒಂದು, ಸೊನ್ನೆ ನಂಬರಿನವರು ಮಾತ್ರ ಯಾರನ್ನೂ ಕೇಳೋ ಹಾಗಿಲ್ಲ, ತಮ್ಮ ನಂಬರನ್ನೇ ಹೇಳ್ಬೇಕು."

"ಸೊನ್ನೆ ನಂಬರ್ ಯಾರಿಗೂ ಇಲ್ವಲ್ಲ ಮೇಡಂ?"

"ಅದು ನಾನೇ."

ಹತ್ತನೆಯವನನ್ನು ಕೇಳಿದ್ದೇ ತಡ, ಕ್ಲಾಸು ಸಂತೆಯಾಯಿತು. ನೋಡಿದರೆ, ಬಾಗಿಲಲ್ಲಿ ಪ್ರಿನ್ಸಿಪಾಲರು!

"ಗಲಾಟೆ ಶುರು ಮಾಡಿದ್ದು ಯಾರು? ನೀನು ಹೇಳೋ!"

ಹತ್ತನೆಯವನು ಒಂಬತ್ತು, ಎಂಟನೆಯವರ ಕಡೆ ಕೈ ತೋರಿಸಿದ. ಅವರು ತಮಗಿಂತ ಹಿಂದಿನವರ ಕಡೆ ತೋರಿಸಿದರು. ಪ್ರಿನ್ಸಿಪಾಲರು ಬೆಂಚಿನಿಂದ ಬೆಂಚಿಗೆ ಅಲೆಯುತ್ತಿದ್ದರೆ, ಪಾಠ ಅಂತೂ ತಲೆಗೆ ಹತ್ತಿತಲ್ಲ ಎಂದು ಬೋರ್ಡಿನ ಪಕ್ಕ ನಿಂತಿದ್ದ ವಸುಮತಿ ಒಳಗೊಳಗೇ ಹಿಗ್ಗಿದಳು.

ಕೊನೆಗೆ ಒಂದನೇ ನಂಬರಿನ ಹುಡುಗಿ ಎದ್ದು ನಿಂತಳು. "ನಾನಲ್ಲ ಸರ್."

"ಮತ್ತೆ ಇನ್ಯಾರು?"

"ಹಾಗಾದ್ರೆ ಸೊನ್ನೆ, ಸರ್," ಎಂದು ಇಡೀ ಕ್ಲಾಸು ಒಟ್ಟಿಗೇ ಬೋರ್ಡಿನ ಕಡೆ ಕೈ ತೋರಿಸಿತು.